ಪ್ಲಗ್ ಗುಂಡಿಯಲ್ಲಿ ಆಯಿಲ್: ಮನೆಯಂಗಳದಲ್ಲೇ ಮಾಡಿಕೊಳ್ಳಬಹುದಾದ ಒಂದು ರಿಪೇರಿ

ಬಳ್ಳಾರಿ ಸೀಮೆಯ ಕಾರಿನ ಬಾನೆಟ್ ಎತ್ತಿದರೆ, ಆಯಿಲ್ ಎಲ್ಲಿ ಸೋರುತ್ತಿದೆ ಎಂಬುದನ್ನು ಧೂಳೇ ಹೇಳುತ್ತದೆ. ಸಂಡೂರು ಕಡೆ ಓಡಾಡಿದ ಎಂಜಿನ್ ಮೇಲೆ ಅದಿರಿನ ಕೆಂಪು ಪುಡಿ ತೆಳುವಾಗಿ ಕೂತಿರುತ್ತದೆ. ಒಣಗಿದ ಜಾಗದಲ್ಲಿ ಊದಿದರೆ ಹಾರಿಹೋಗುತ್ತದೆ. ಆಯಿಲ್ ಜಿನುಗುವ ಜಾಗದಲ್ಲಿ ಕಲಸಿದ ಕುಂಕುಮದಂತೆ ಅಂಟಿಕೊಳ್ಳುತ್ತದೆ. ಉಷ್ಣ ವಿದ್ಯುತ್ ಸ್ಥಾವರವಿರುವ ರಾಯಚೂರಿನ ಶಕ್ತಿನಗರದ ಸುತ್ತ ಓಡಿದ ಕಾರಾದರೆ ಪುಡಿಯ ಬಣ್ಣ ಬೂದು, ಕೊಪ್ಪಳದ ಗಿಣಿಗೇರಿ ಕಡೆಯದಾದರೆ ಕಪ್ಪು. ನನ್ನ ಕಾರಿನ ಟ್ಯಾಪೆಟ್ ಕವರಿನ, ಅಂದರೆ ಎಂಜಿನ್ನಿನ ಮೇಲಿನ ಮುಚ್ಚಳದ, ಮೇಲೆ ಆ ಕೆಂಪು ಗೆರೆ ಕಿಡಿಗೆ ವಿದ್ಯುತ್ ಕೊಡುವ ಮೂರನೆಯ ಕಾಯಿಲ್‌ನ ಬುಡದಿಂದ ಹೊರಟು, ಹಿಂಬದಿಯ ಅಂಚು ದಾಟಿ, ಎಗ್ಸಾಸ್ಟ್ ಕಡೆಗೆ ಇಳಿದಿತ್ತು.

ಕಾರು ಹಳೆಯದು: ಎರಡು ಬಾಗಿಲು, 2 ಲೀಟರಿನ ನಾಲ್ಕು ಸಿಲಿಂಡರ್ ಎಂಜಿನ್, ಮೇಲೆ ವಾಲ್ವ್‌ಗಳನ್ನು ತೆರೆದು ಮುಚ್ಚುವ ಎರಡು ಕ್ಯಾಮ್‌ಶಾಫ್ಟ್, ಪ್ರತಿ ಪ್ಲಗ್ಗಿನ ತಲೆಯ ಮೇಲೆ ಒಂದೊಂದು ಕಾಯಿಲ್. ಅದಿರಿನ ಹಣ ಹರಿಯುತ್ತಿದ್ದ ವರ್ಷಗಳಲ್ಲಿ ಊರಿಗೆ ಬಂದು, 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಗೆ ತಡೆ ಹಾಕಿದ ಮೇಲೆ ತಗಡಿನ ಶೆಡ್ಡಿನಲ್ಲಿ ವರ್ಷಗಟ್ಟಲೆ ನಿಂತ ಕಾರು. ನಿಂತ ಕಾರು ಚೆನ್ನಾಗಿರುತ್ತದೆ ಎಂಬುದು ನಮ್ಮ ಜನರ ದೊಡ್ಡ ಭ್ರಮೆ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ನೆರಳಿನಲ್ಲೇ 40 ಡಿಗ್ರಿ ದಾಟುತ್ತದೆ. ತಗಡಿನ ಕೆಳಗೆ ಇನ್ನೂ ಹೆಚ್ಚು. ಓಡದ ಎಂಜಿನ್ನಿನ ರಬ್ಬರು ಒಣಗಿ ಬಿರುಸಾಗುತ್ತದೆ, ಓಡುವ ಎಂಜಿನ್ನಿನ ರಬ್ಬರು ಬೆಂದು ಬಿರುಸಾಗುತ್ತದೆ. ಎರಡನ್ನೂ ಅನುಭವಿಸಿದ ರಬ್ಬರು ನನ್ನದು.

ಮೊದಲು ಒಳಗಿನ ರಚನೆ ಅರ್ಥವಾಗಲಿ. ಇಂತಹ ಎಂಜಿನ್ನಿನಲ್ಲಿ ಸ್ಪಾರ್ಕ್ ಪ್ಲಗ್ ಕೂತಿರುವುದು ಒಂದು ಆಳವಾದ ಗುಂಡಿಯ ತಳದಲ್ಲಿ. ಗುಂಡಿಯ ಗೋಡೆಯೇ ಒಂದು ಕೊಳವೆ. ಆ ಕೊಳವೆ ಟ್ಯಾಪೆಟ್ ಕವರಿನ ಕೆಳಗೆ ಕ್ಯಾಮ್‌ಶಾಫ್ಟ್‌ಗಳ ನಡುವೆ ಹಾದುಹೋಗುತ್ತದೆ, ಅಂದರೆ ಅದರ ಹೊರಮೈಗೆ ಸದಾ ಬಿಸಿ ಆಯಿಲ್ ಎರಚುತ್ತಿರುತ್ತದೆ. ಒಳಗೆ ಮಾತ್ರ ಒಣಗಿರಬೇಕು. ಕೊಳವೆಯ ಮೇಲ್ತುದಿ ಕವರನ್ನು ಮುಟ್ಟುವಲ್ಲಿ ಒಂದು ರಬ್ಬರಿನ ಸೀಲ್ ಇರುತ್ತದೆ. ಕೆಳತುದಿ ಸಿಲಿಂಡರುಗಳ ಮೇಲೆ ಕೂರುವ ಹೆಡ್ಡಿಗೆ ಸೇರುವಲ್ಲಿ ಎಂಜಿನ್ನಿಗೆ ತಕ್ಕಂತೆ ಓ-ರಿಂಗ್ ಎಂಬ ರಬ್ಬರ್ ಬಳೆಯೋ, ಮರೆಯೋ (ತಿರುಪಿನ ಸುತ್ತುಗಳು), ಬಿಗಿಯಾಗಿ ಬಡಿದು ಕೂರಿಸಿದ ಜೋಡಣೆಯೋ ಇರುತ್ತದೆ. ಮೇಲಿನ ರಬ್ಬರು ಗಟ್ಟಿಯಾದರೆ ಆಯಿಲ್ ಕೊಳವೆಯೊಳಗೆ ಇಣುಕುತ್ತದೆ. ಎಷ್ಟು ಸಣ್ಣ ಸೋರಿಕೆಯಾದರೂ ಹೊರಹೋಗಲು ದಾರಿಯಿಲ್ಲದೆ ತಿಂಗಳುಗಳಲ್ಲಿ ಗುಂಡಿ ತುಂಬುತ್ತದೆ. ಕಾಯಿಲ್‌ನ ರಬ್ಬರ್ ಬೂಟು (ಪ್ಲಗ್ಗಿನ ತಲೆಗೆ ಹೊದೆಯುವ ಟೊಪ್ಪಿಗೆ) ಆಯಿಲ್ ಕುಡಿದು ಊದಿಕೊಂಡು ಮೆತ್ತಗಾಗುತ್ತದೆ, ಕಿಡಿ ಪ್ಲಗ್ಗಿನ ತುದಿಗೆ ಹೋಗುವ ಬದಲು ಅಡ್ಡದಾರಿ ಹಿಡಿದು ಕೊಳವೆಯ ಗೋಡೆಗೆ ಹಾರುತ್ತದೆ. ಇದನ್ನೇ ಮೆಕ್ಯಾನಿಕ್‌ಗಳು ಮಿಸ್ಸಿಂಗ್ ಎನ್ನುತ್ತಾರೆ. ಎಂಜಿನ್ ಕಂಪ್ಯೂಟರಿನ ದೋಷ ಓದುವ ಸ್ಕ್ಯಾನರ್ ಹಚ್ಚಿದರೆ ಪಿ0301ರಿಂದ ಪಿ0304ರವರೆಗಿನ ಸಂಖ್ಯೆಗಳಲ್ಲಿ ಒಂದು ಬರುತ್ತದೆ. ಕೊನೆಯ ಅಂಕಿ ಸಿಲಿಂಡರಿನದು. ನನ್ನದು 0303. ಧೂಳಿನ ಗೆರೆಯೂ ಸ್ಕ್ಯಾನರ್ರೂ ಒಂದೇ ಮಾತು ಹೇಳಿದವು.

ಮಿಸ್ಸಿಂಗ್ ಇದ್ದರೂ ತಿಂಗಳುಗಟ್ಟಲೆ ಓಡಿಸಬೇಡಿ. ಉರಿಯದ ಪೆಟ್ರೋಲು ನೇರವಾಗಿ ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿದು ಅದನ್ನು ಕರಗಿಸುತ್ತದೆ. ರಬ್ಬರ್ ಉಂಗುರದ ಬೆಲೆಗೂ ಅದರ ಬೆಲೆಗೂ ಹೋಲಿಕೆಯೇ ಇಲ್ಲ.

ರಬ್ಬರು ತರಿಸುವ ಮುನ್ನ ಒಂದು ಪರೀಕ್ಷೆ

ಆಯಿಲ್ ಕಂಡ ಕೂಡಲೇ ಸೀಲ್ ಹೋಗಿದೆ ಎಂದು ತೀರ್ಮಾನಿಸಬೇಡಿ. ಎಷ್ಟೋ ಕಾರುಗಳಲ್ಲಿ ಆಯಿಲ್ ತುಂಬುವ ಬಾಯಿ ಪ್ಲಗ್ ಗುಂಡಿಯ ಪಕ್ಕದಲ್ಲೇ ಇರುತ್ತದೆ. ಆಲಿಕೆ ಇಲ್ಲದೆ ಡಬ್ಬಿ ಬಗ್ಗಿಸಿದವರ ಕೈಯಿಂದ ಅರ್ಧ ಲೋಟ ಅತ್ತ ಚೆಲ್ಲಿರುತ್ತದೆ. ಆದ್ದರಿಂದ ಮೊದಲು ಕಾಯಿಲ್ ತೆಗೆದು, ಗುಂಡಿ ಪೂರ್ತಿ ಒಣಗಿಸಿ, ಟ್ಯಾಪೆಟ್ ಕವರಿನ ಹೊರಮೈಯನ್ನೂ ಒರೆಸಿ, ನೂರು ನೂರೈವತ್ತು ಕಿಲೋಮೀಟರ್ ಓಡಿಸಿ. ಬಳ್ಳಾರಿಯಿಂದ ಹೊಸಪೇಟೆಗೆ ಹೋಗಿ ಬಂದರೆ ಸಾಕು. ನಿಮ್ಮ ಕಡೆ ನಮ್ಮಷ್ಟು ಧೂಳಿಲ್ಲದಿದ್ದರೆ ಕವರಿನ ಅಂಚಿಗೆ ಮಕ್ಕಳ ಟಾಲ್ಕಂ ಪೌಡರನ್ನು ತೆಳುವಾಗಿ ಉದುರಿಸಿಕೊಂಡು ಹೊರಡಿ. ಬಂದ ಮೇಲೆ ಎಂಜಿನ್ ಆರಿಸಿ, ಟಾರ್ಚ್ ಹಾಕಿ ನೋಡಿ.

ಕೊಳವೆಯ ಮೇಲ್ತುದಿಯಿಂದ ಕೆಳಕ್ಕೆ ಆಯಿಲ್ ಇಳಿದ ಗೆರೆ ಕಂಡರೆ ಮೇಲಿನ ಸೀಲ್. ಮೇಲೆಲ್ಲ ಒಣಗಿದ್ದು ತಳದಲ್ಲಿ ಮಾತ್ರ ಆಯಿಲ್ ಕೂಡಿದ್ದರೆ ಕೆಳಗಿನ ಜೋಡಣೆ. ಮತ್ತೊಂದು ಮುಖ್ಯ ವ್ಯತ್ಯಾಸ: ಪ್ಲಗ್ಗಿನ ಹೊರಮೈ, ಅಂದರೆ ಬಿಳಿ ಪಿಂಗಾಣಿಯ ಭಾಗ ಮತ್ತು ಮರೆಯ ಮೇಲ್ಭಾಗ ಆಯಿಲ್ ಆಗಿದ್ದರೆ ಈ ಲೇಖನ ನಿಮ್ಮದು. ಉರಿಯುವ ತುದಿಯೇ ಆಯಿಲ್‌ನಲ್ಲಿ ಮಿಂದು ಕಪ್ಪಾಗಿದ್ದರೆ ಆಯಿಲ್ ಸಿಲಿಂಡರಿನೊಳಗಿಂದ ಬಂದಿದೆ. ಅದು ಪಿಸ್ಟನ್ ರಿಂಗಿನ ಅಥವಾ ವಾಲ್ವ್ ಸೀಲ್‌ನ ಕಥೆ. ಈ ಕೆಲಸದಿಂದ ಅದು ಸರಿಹೋಗದು.

ಸಾಮಾನು

ಟ್ಯಾಪೆಟ್ ಕವರಿನ ಅಂಚಿಗೆ ಕೂರುವ ರಬ್ಬರ್ ಪ್ಯಾಕಿಂಗ್, ಕೊಳವೆಯ ಸೀಲ್‌ಗಳು, ಕವರ್ ಬೋಲ್ಟಿನ ಕೆಳಗಿನ ರಬ್ಬರ್ ವಾಷರ್‌ಗಳು, ಈ ಮೂರನ್ನೂ ಒಟ್ಟಿಗೆ ತರಿಸಿ. ಸೋರುತ್ತಿರುವುದು ಒಂದು ಗುಂಡಿಯ ಸೀಲ್ ಮಾತ್ರವಾದರೂ ನಾಲ್ಕೂ ಸೀಲ್‌ಗಳನ್ನು ಬದಲಿಸಿ. ನಾಲ್ಕೂ ಒಂದೇ ಒಲೆಯಲ್ಲಿ ಬೆಂದವು. ನಾನು ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯೊಂದಕ್ಕೆ ಎಂಜಿನ್ ನಂಬರ್ ಮತ್ತು ಹಳೆಯ ಸೀಲ್‌ನ ಚಿತ್ರ ಕಳಿಸಿ ರಾತ್ರಿ ಬಸ್ಸಿನ ಪಾರ್ಸೆಲ್‌ನಲ್ಲಿ ತರಿಸಿಕೊಂಡೆ. ಕಾರಿನ ಹೆಸರು ಹೇಳಿದರೆ ಸಾಲದು, ಒಂದೇ ಹೆಸರಿನ ಕಾರಿಗೆ ಎರಡು ಮೂರು ಬಗೆಯ ಎಂಜಿನ್ ಇರುತ್ತವೆ.

ರಬ್ಬರಿನ ಜಾತಿ ಕೇಳಿ. ಸಾಮಾನ್ಯ ನೈಟ್ರೈಲ್ ರಬ್ಬರು ಸುಮಾರು 100ರಿಂದ 120 ಡಿಗ್ರಿ ಶಾಖದವರೆಗೆ ಬಾಳುತ್ತದೆ, ಅಕ್ರಿಲಿಕ್ ರಬ್ಬರು 150ರ ಆಸುಪಾಸು, ವೈಟನ್ ಎಂದು ಕರೆಯುವ ಫ್ಲೋರೋ ರಬ್ಬರು 200ರ ಹತ್ತಿರ. ಕಾರನ್ನು ಜೋರಾಗಿ ಓಡಿಸಿ ಸಿಗ್ನಲ್ಲಿನಲ್ಲಿ ನಿಂತಾಗ ಟ್ಯಾಪೆಟ್ ಕವರಿನ ಕೆಳಗೆ ನೈಟ್ರೈಲ್ ಸಹಿಸುವ ಅಂಚಿಗೇ ಶಾಖ ಹೋಗುತ್ತದೆ. ನಮ್ಮ ಬಿಸಿಲಿಗೆ ಅಗ್ಗದ ಸೆಟ್ ತರುವುದೆಂದರೆ ಎರಡು ಬೇಸಿಗೆಗೆ ಮತ್ತೆ ಬಿಚ್ಚಲು ಮುಹೂರ್ತ ಇಟ್ಟಂತೆ.

ಉಪಕರಣಗಳು ಹೆಚ್ಚೇನಿಲ್ಲ. 10 ಎಂಎಂ ಬಾಕ್ಸ್ ಪಾನಾ, ಉದ್ದದ ಎಕ್ಸ್‌ಟೆನ್ಷನ್, ಒಳಗೆ ರಬ್ಬರೋ ಅಯಸ್ಕಾಂತವೋ ಇರುವ ಪ್ಲಗ್ ಪಾನಾ, ಬಿಗಿತ ಅಳೆಯುವ ಸಣ್ಣ ಅಳತೆಯ ಟಾರ್ಕ್ ರೆಂಚ್, ಪ್ಲಾಸ್ಟಿಕ್ ಕೆರೆಯುವ ಪಟ್ಟಿ, ಬ್ರೇಕ್ ಕ್ಲೀನರ್ ಡಬ್ಬಿ, ದೊಡ್ಡ ಸಿರಿಂಜ್ ಮತ್ತು ಅದಕ್ಕೆ ಸಿಕ್ಕಿಸಲು ಸಲೈನ್ ಕೊಳವೆ. ಒರೆಸುವ ಬಟ್ಟೆಯ ವಿಷಯದಲ್ಲಿ ಬಳ್ಳಾರಿಯವರಿಗೆ ಒಂದು ಎಚ್ಚರಿಕೆ. ಜೀನ್ಸ್ ಹೊಲಿಯುವ ಊರು ನಮ್ಮದು, ಕಟಿಂಗ್ ಚೂರುಗಳು ಮೂಟೆಗಟ್ಟಲೆ ಸಿಗುತ್ತವೆ, ಗ್ಯಾರೇಜುಗಳೆಲ್ಲ ಅದನ್ನೇ ಬಳಸುತ್ತವೆ. ನೆಲಕ್ಕೆ, ಕೈಗೆ, ಕವರಿನ ಹೊರಮೈಗೆ ಅದು ಒಳ್ಳೆಯದು. ತೆರೆದ ಎಂಜಿನ್ ಹತ್ತಿರ ಮಾತ್ರ ತರಬೇಡಿ. ಅಂಚಿನ ನೂಲು ಉದುರಿ ಆಯಿಲ್ ದಾರಿಗೆ ಇಳಿಯುತ್ತದೆ. ಒಳಗಿನ ಕೆಲಸಕ್ಕೆ ಒಗೆದು ಒಗೆದು ನವೆದ ಹಳೆಯ ಪಂಚೆಗಿಂತ ಉತ್ತಮವಾದದ್ದು ನನಗೆ ಸಿಕ್ಕಿಲ್ಲ.

ಬಿಚ್ಚುವುದು

ಬೆಳಿಗ್ಗೆ ಆರಕ್ಕೇ ಶುರು ಮಾಡಿ. ಕಾರಣ ಎರಡು. ರಾತ್ರಿಯಿಡೀ ನಿಂತ ಎಂಜಿನ್ ತಣ್ಣಗಿರುತ್ತದೆ. ಬಿಸಿ ಇರುವ ಅಲ್ಯೂಮಿನಿಯಂ ಹೆಡ್ಡಿನಿಂದ ಪ್ಲಗ್ ತಿರುಗಿಸಿದರೆ ಮರೆ ಕಿತ್ತು ಬರುವ ಅಪಾಯವಿದೆ. ಎರಡನೆಯದು ಗಾಳಿ. ಬಿಸಿಲೇರಿದ ಮೇಲೆ ಏಳುವ ಧೂಳು ತೆರೆದ ಕ್ಯಾಮ್‌ಶಾಫ್ಟ್‌ಗಳ ಮೇಲೆ ಕೂತರೆ, ಕಬ್ಬಿಣದ ಅದಿರು ಉಜ್ಜುವ ಪುಡಿಯಂತೆಯೇ ಕೆಲಸ ಮಾಡುತ್ತದೆ.

ಬ್ಯಾಟರಿಯ ಮೈನಸ್ ತಂತಿ ಕಳಚಿ. ಕವರಿನ ಸುತ್ತ ಇರುವ ಕೆಂಪು ಮಣ್ಣನ್ನೆಲ್ಲ ಬ್ರಷ್ಷಿನಿಂದ ಗುಡಿಸಿ, ಒದ್ದೆ ಬಟ್ಟೆಯಿಂದ ಒರೆಸಿ. ಈ ಹಂತ ಬಿಟ್ಟವರ ಎಂಜಿನ್ನೊಳಗೆ ಅದೇ ಮಣ್ಣು ಬೀಳುತ್ತದೆ. ಮೊಬೈಲಿನಲ್ಲಿ ನಾಲ್ಕು ಕಡೆಯಿಂದ ಚಿತ್ರ ತೆಗೆದುಕೊಳ್ಳಿ. ಕಾಯಿಲ್‌ಗಳ ಕನೆಕ್ಟರಿನ ಪ್ಲಾಸ್ಟಿಕ್ ನಾಲಿಗೆ ಇಷ್ಟು ವರ್ಷದ ಶಾಖಕ್ಕೆ ಹಪ್ಪಳದಂತಾಗಿರುತ್ತದೆ. ಎಳೆಯಬೇಡಿ, ಮೊದಲು ಕನೆಕ್ಟರನ್ನು ಒಳಕ್ಕೆ ಸ್ವಲ್ಪ ಒತ್ತಿ, ನಾಲಿಗೆ ಅದುಮಿ, ಆಮೇಲೆ ಹಿಂದಕ್ಕೆ ಸರಿಸಿ. ಕಾಯಿಲ್‌ನ ಬೋಲ್ಟ್ ತೆಗೆದು, ಕಾಯಿಲನ್ನು ಎಡಕ್ಕೂ ಬಲಕ್ಕೂ ತುಸು ತಿರುಗಿಸಿ ನೇರ ಮೇಲಕ್ಕೆ ಎತ್ತಿ. ಊದಿದ ಬೂಟು ಹರಿದು ಅರ್ಧ ಒಳಗೇ ಉಳಿದರೆ ಗಾಬರಿ ಬೇಡ, ಉದ್ದ ಮೂತಿಯ ಇಕ್ಕಳದಿಂದ ತೆಗೆಯಬಹುದು. ಒಂದರಿಂದ ನಾಲ್ಕರವರೆಗೆ ಕಾಯಿಲ್‌ಗಳಿಗೆ ಸಂಖ್ಯೆ ಬರೆದಿಡಿ.

ಈಗ ಬಹುತೇಕರು ತಪ್ಪುವ ಜಾಗ. ಆಯಿಲ್ ತುಂಬಿದ ಗುಂಡಿಯಲ್ಲಿ ಪ್ಲಗ್ ಬಿಚ್ಚಿದರೆ ಆ ಆಯಿಲ್, ಅದರೊಳಗಿನ ಮಣ್ಣಿನ ಸಮೇತ, ನೇರ ಸಿಲಿಂಡರಿಗೆ ಇಳಿಯುತ್ತದೆ. ಪ್ಲಗ್ಗೇ ಇಲ್ಲಿ ಬಾಟಲಿಯ ಬಿರಡೆ. ಕವರ್ ಬಿಚ್ಚಿ, ಸೀಲ್ ಹಾಕಿ, ಕವರ್ ಮತ್ತೆ ಬಿಗಿಯುವವರೆಗೂ ಬಿರಡೆ ಕದಲಬಾರದು. ಪ್ಲಗ್ ಬದಲಿಸುವುದು ಎಲ್ಲಕ್ಕಿಂತ ಕೊನೆಯ ಕೆಲಸ. ಸಿರಿಂಜಿನ ಕೊಳವೆಯನ್ನು ತಳದವರೆಗೆ ಇಳಿಸಿ ಆಯಿಲ್ ಎಳೆದುಕೊಳ್ಳಿ. ನನ್ನ ಮೂರನೆಯ ಗುಂಡಿಯಿಂದ ಎರಡು ಸಿರಿಂಜ್ ತುಂಬ ಬಂತು, ನಾಲ್ಕನೆಯದರಿಂದ ಕಾಲು ಸಿರಿಂಜ್, ಉಳಿದೆರಡು ಒಣ. ಆಮೇಲೆ ಕಡ್ಡಿಗೆ ಪಂಚೆ ಸುತ್ತಿ ತಿರುಗಿಸುತ್ತಾ ಒರೆಸಿ, ತುಸು ಬ್ರೇಕ್ ಕ್ಲೀನರ್ ಹೊಡೆದು ಮತ್ತೆ ಒರೆಸಿ. ಬ್ರೇಕ್ ಕ್ಲೀನರ್ ಬಿಸಿ ಎಂಜಿನ್ನಿಗೆ, ಬೀಡಿಗೆ, ಕಿಡಿಗೆ ಸೇರದ ವಸ್ತು. ಗಾಳಿಯಾಡುವ ಕಡೆ ಬಳಸಿ, ಪಕ್ಕದಲ್ಲಿ ಒಂದು ಬಕೆಟ್ ಮರಳು ಇಟ್ಟುಕೊಳ್ಳಿ.

ಕವರಿಗೆ ತಗುಲಿದ ಗಾಳಿಯ ಪೈಪು, ತಂತಿಯ ಕ್ಲಿಪ್ಪುಗಳನ್ನು ಕಳಚಿ. ಬೋಲ್ಟುಗಳನ್ನು ಹೊರಗಿನಿಂದ ಒಳಗೆ, ಒಂದೊಂದು ಸುತ್ತಿನಂತೆ ಸಡಿಲಿಸುತ್ತಾ ಬನ್ನಿ. ಒಂದೇ ಮೂಲೆಯನ್ನು ಪೂರ್ತಿ ಬಿಚ್ಚಿದರೆ ಕವರ್ ತಿರುಚಿಕೊಳ್ಳುತ್ತದೆ. ಬಿಡದಿದ್ದರೆ ಮೂಲೆಗೆ ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಸ್ಕ್ರೂಡ್ರೈವರ್ ತೂರಿಸಿ ಎಬ್ಬಿದರೆ ಅಲ್ಯೂಮಿನಿಯಂ ಮೈ ಮೇಲೆ ಬೀಳುವ ಗೀರು ಹೊಸ ಸೋರಿಕೆಗೆ ದಾರಿ. ಕವರನ್ನು ನೇರವಾಗಿ ಎತ್ತಿ, ತೆರೆದ ಹೆಡ್ಡಿನ ಮೇಲೆ ತಕ್ಷಣ ಪಂಚೆ ಹೊದಿಸಿ. ನನ್ನ ಕವರಿನ ಪ್ಯಾಕಿಂಗ್ ರಬ್ಬರಾಗಿ ಉಳಿದಿರಲಿಲ್ಲ. ಬೆರಳಲ್ಲಿ ಬಗ್ಗಿಸಿದರೆ ಕಟಕ್ ಎಂದು ಮುರಿಯಿತು.

ಸೀಲ್ ಬದಲಿಸುವುದು

ಕವರನ್ನು ತಿರುಗಿಸಿ ಇಟ್ಟು ನೋಡಿದರೆ ನಿಮ್ಮದು ಯಾವ ಬಗೆ ಎಂದು ತಿಳಿಯುತ್ತದೆ. ಕಾಲುವೆಯಂತಹ ತೋಡಿನಲ್ಲಿ ಕೂರುವ ಬರೀ ರಬ್ಬರ್ ಉಂಗುರವಾದರೆ ನೀವು ಅದೃಷ್ಟವಂತರು. ಬೆರಳಲ್ಲಿ ಕಿತ್ತು, ತೋಡು ಒರೆಸಿ, ಹೊಸದನ್ನು ಒತ್ತಿದರೆ ಮುಗಿಯಿತು. ನನ್ನದು ಎರಡನೆಯ ಬಗೆ, ಉಕ್ಕಿನ ಬಳೆಗೆ ರಬ್ಬರ್ ತುಟಿ ಅಂಟಿಸಿ ಕವರಿನೊಳಗೆ ಬಡಿದು ಕೂರಿಸಿದ್ದು. ಇದನ್ನು ತೆಗೆಯುವ ಮೊದಲೇ ತುಟಿ ಯಾವ ಕಡೆ ಮುಖ ಮಾಡಿದೆ, ಎಷ್ಟು ಆಳಕ್ಕೆ ಕೂತಿದೆ ಎಂದು ಚಿತ್ರ ತೆಗೆಯಿರಿ. ತೆಗೆದ ಮೇಲೆ ನೆನಪು ಮೋಸ ಮಾಡುತ್ತದೆ. ಕವರಿನ ಅಡಿಗೆ ಮರದ ತುಂಡು ಕೊಟ್ಟು, ಅಗಲ ಬಾಯಿಯ ಸ್ಕ್ರೂಡ್ರೈವರನ್ನು ಬಟ್ಟೆಯ ಮೇಲೆ ಆನಿಸಿ ಸುತ್ತಲೂ ಸ್ವಲ್ಪ ಸ್ವಲ್ಪ ಎಬ್ಬಿ. ಕವರ್ ಪ್ಲಾಸ್ಟಿಕ್ಕಿನದಾಗಿದ್ದರೆ ಇನ್ನಷ್ಟು ನಿಧಾನ.

ಹೊಸ ಸೀಲ್‌ನ ಹೊರಬಳೆಯಷ್ಟೇ ಅಗಲದ ಬಾಕ್ಸ್ ಪಾನಾ ಆರಿಸಿ, ಅದನ್ನು ಸೀಲ್ ಮೇಲಿಟ್ಟು ಸಮವಾಗಿ ಒತ್ತಿ, ಬೇಕಾದರೆ ಹಗುರವಾಗಿ ತಟ್ಟಿ. ಓರೆಯಾದರೆ ನಿಲ್ಲಿಸಿ, ತೆಗೆದು, ಮತ್ತೆ ಹಾಕಿ. ನನ್ನ ಮೊದಲ ಸೀಲ್ ಓರೆಯಾಯಿತು. ಆತುರದಲ್ಲಿ ಒಂದು ಏಟು ಹೆಚ್ಚು ಕೊಟ್ಟೆ, ಬಳೆ ಸೊಟ್ಟಗಾಯಿತು. ಒಂದು ಸೀಲ್ ಹೆಚ್ಚಿಗೆ ತರಿಸಿಕೊಂಡಿದ್ದರಿಂದ ಬಚಾವಾದೆ. ನೀವೂ ಐದು ತರಿಸಿ.

ಕೆಲವು ಎಂಜಿನ್ನುಗಳಲ್ಲಿ ಸೀಲ್ ಕವರಿನಲ್ಲೇ ಬೆಸೆದಿರುತ್ತದೆ, ಬಿಡಿಯಾಗಿ ಸಿಗುವುದಿಲ್ಲ. ಅಲ್ಲಿ ಇಡೀ ಕವರೇ ಬದಲು. ಆರು ಸಿಲಿಂಡರ್ ಅಡ್ಡ ಮಲಗಿರುವ ಎಂಜಿನ್ನುಗಳಲ್ಲಿ ಕೊಳವೆಯನ್ನೇ ಹೊರಗೆಳೆದು ಅದರ ಎರಡು ತುದಿಯ ಓ-ರಿಂಗ್ ಬದಲಿಸಬೇಕಾದ ರಚನೆಯೂ ಉಂಟು. ಕಾರಿನ ಕೆಳಗೆ ಮಲಗಿ ಮಾಡುವ ಕೆಲಸ ಅದು, ಜಾಕಿ ಒಂದನ್ನೇ ನಂಬಿ ಕೆಳಗೆ ತೂರಬೇಡಿ, ಸ್ಟ್ಯಾಂಡ್ ಇಡಿ. ಇನ್ನು ಪರೀಕ್ಷೆಯಲ್ಲಿ ಕೆಳಜೋಡಣೆಯೇ ಸೋರುತ್ತಿದೆ ಎಂದು ಕಂಡಿದ್ದರೆ, ಮರೆಯಿರುವ ಕೊಳವೆಯನ್ನು ನೀವೇ ತಿರುಗಿಸಿ ತೆಗೆಯಬಹುದು. ಬಡಿದು ಕೂರಿಸಿದ ಕೊಳವೆ ತೆಗೆಯುವಾಗ ಹಾಳಾಗುತ್ತದೆ, ಹೊಸದು ಬೇಕು, ಹೆಡ್ಡಿಗೆ ಪೆಟ್ಟಾಗದಂತೆ ಕೂರಿಸಬೇಕು. ಅಷ್ಟನ್ನು ಹೆಡ್ ಕೆಲಸ ಮಾಡುವ ಲೇತ್ ಅಂಗಡಿಯವರಿಗೇ ಬಿಡುವುದು ಲೇಸು.

ಹೆಡ್ಡಿನ ಅಂಚನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆದು ಪಂಚೆಯಿಂದ ಒರೆಸಿ. ಎಮರಿ ಕಾಗದ ಬೇಡ. ಅದರ ಹರಳು ಆಯಿಲ್ ಜೊತೆ ಬೇರಿಂಗಿಗೆ ಹೋಗುತ್ತದೆ. ಸಿಲಿಕೋನ್ ಪೇಸ್ಟಿನ ಬಗ್ಗೆ ನನಗೆ ಬಲವಾದ ಅಭಿಪ್ರಾಯವಿದೆ. ಹಿಂದೊಮ್ಮೆ ಇದೇ ಕಾರನ್ನು ಕೊಟ್ಟಿದ್ದ ಗ್ಯಾರೇಜಿನ ಮೇಸ್ತ್ರಿ ಪ್ಯಾಕಿಂಗ್ ಸುತ್ತ ಹಲ್ಲುಜ್ಜುವ ಪೇಸ್ಟಿನಂತೆ ಅದನ್ನು ಬಳಿದಿದ್ದರು. "ಅಣ್ಣಾ, ಇಷ್ಟೊಂದು ಬೇಕೇ?" ಎಂದು ಕೇಳಿದ್ದಕ್ಕೆ, "ಸರ್, ಜನ್ಮದಲ್ಲಿ ಸೋರುವುದಿಲ್ಲ" ಎಂದರು. ಸೋರಿತು. ಜೊತೆಗೆ ಒಳಕ್ಕೆ ಉಬ್ಬಿದ ಪೇಸ್ಟಿನ ಎಳೆಗಳು ಕ್ಯಾಮ್‌ಶಾಫ್ಟ್ ಪಕ್ಕ ಜೋತಾಡುತ್ತಿದ್ದುದನ್ನು ಈ ಸಲ ಕಂಡೆ. ಕಳಚಿ ಬಿದ್ದರೆ ಅವು ಸೇರುವುದು ಆಯಿಲ್ ಪಂಪಿನ ಜಾಲರಿಗೆ, ಅಲ್ಲಿ ಕಟ್ಟಿಕೊಂಡರೆ ಎಂಜಿನ್ನೇ ಹೋಗುತ್ತದೆ. ರಬ್ಬರ್ ಪ್ಯಾಕಿಂಗಿಗೆ ಸಿಲಿಕೋನ್ ಬೇಕಾಗುವುದು ಮೂಲೆಗಳಲ್ಲಿ ಮಾತ್ರ: ಟೈಮಿಂಗ್ ಕವರ್ ಹೆಡ್ಡಿಗೆ ಸೇರುವ ಸಂದು, ಕ್ಯಾಮ್‌ಶಾಫ್ಟಿನ ಕೊನೆಯ ಕ್ಯಾಪಿನ ಮೂಲೆ, ಅರ್ಧಚಂದ್ರದ ತಿರುವು. ಅಲ್ಲಿಗೆ ಒಂದು ಕಡಲೆಕಾಳಿನಷ್ಟು ಸಾಕು.

ಕವರಿನ ತೋಡಿನಲ್ಲಿ ಹೊಸ ಪ್ಯಾಕಿಂಗ್ ಕೂರಿಸಿ. ಸೀಲ್ ತುಟಿಗಳಿಗೆ ಬೆರಳತುದಿಯಿಂದ ಹೊಸ ಎಂಜಿನ್ ಆಯಿಲ್ ಸವರಿ. ಒಣ ತುಟಿ ಕೊಳವೆಯ ಅಂಚಿಗೆ ಸಿಕ್ಕಿ ಒಳಮಡಚಿಕೊಳ್ಳುತ್ತದೆ. ಕವರನ್ನು ನೇರವಾಗಿ ಇಳಿಸಿ, ಪ್ರತಿ ಗುಂಡಿಯೊಳಗೆ ಟಾರ್ಚ್ ಹಾಕಿ ತುಟಿ ಸುತ್ತಲೂ ಸಮವಾಗಿದೆಯೇ ನೋಡಿ. ಬೋಲ್ಟುಗಳನ್ನು ಕೈಯಲ್ಲೇ ಹಿಡಿಸಿ, ನಡುವಿನಿಂದ ಹೊರಕ್ಕೆ ಎರಡು ಮೂರು ಸುತ್ತಿನಲ್ಲಿ ಬಿಗಿಯಿರಿ. ಇಂತಹ ಸಣ್ಣ 6 ಎಂಎಂ ಬೋಲ್ಟುಗಳಿಗೆ ಸಾಮಾನ್ಯವಾಗಿ 8ರಿಂದ 10 ನ್ಯೂಟನ್ ಮೀಟರ್. ನಿಮ್ಮ ಕಾರಿನ ಕೈಪಿಡಿ ಬೇರೆ ಹೇಳಿದರೆ ಅದೇ ಅಂತಿಮ. ಸೋರದಿರಲಿ ಎಂದು ಇನ್ನೊಂದು ಎಳೆತ ಎಳೆಯುವ ಕೈ ನಮ್ಮೆಲ್ಲರದು. ಅದೇ ಎಳೆತಕ್ಕೆ ಬೋಲ್ಟ್ ಮುರಿಯುತ್ತದೆ ಅಥವಾ ಕವರ್ ಬಾಗುತ್ತದೆ.

ಸಿಲಿಕೋನ್ ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಕಾಯಬೇಕು. ಕೈ ಚೆನ್ನಾಗಿ ತೊಳೆದು ಒಗ್ಗರಣೆ, ಮಿರ್ಚಿ ತಿಂದು ಬರಲು ಇದೇ ಸಮಯ.

ಪ್ಲಗ್, ಬೂಟು, ಮತ್ತು ಮರೆತುಹೋಗುವ ವಾಲ್ವ್

ಗುಂಡಿಗಳನ್ನು ಮತ್ತೊಮ್ಮೆ ಒರೆಸಿ, ಈಗ ಪ್ಲಗ್ ಬಿಚ್ಚಿ. ಪಿಂಗಾಣಿಯ ಮೇಲೆ ಪೆನ್ಸಿಲಿನಿಂದ ಎಳೆದಂತಹ ಕಪ್ಪು ಗೆರೆ ಇದ್ದರೆ ಕಿಡಿ ಹಾರಿದ ದಾರಿ ಅದು. ಆ ಪ್ಲಗ್ಗೂ ಅದರ ಬೂಟೂ ಎರಡನ್ನೂ ಬದಲಿಸಿ. ಆಯಿಲ್ ಕುಡಿದ ಬೂಟನ್ನು ಒರೆಸಿ ಹಾಕಿದರೆ ಮಿಸ್ಸಿಂಗ್ ಹಾಗೇ ಉಳಿದು, ಮಾಡಿದ ಕೆಲಸವೆಲ್ಲ ವ್ಯರ್ಥ ಎನಿಸುತ್ತದೆ. ಹೊಸ ಪ್ಲಗ್ಗಿನ ತಲೆಗೆ ಒಂದು ತುಂಡು ಪೆಟ್ರೋಲ್ ಪೈಪು ಸಿಕ್ಕಿಸಿ, ಅದರಿಂದಲೇ ಮೊದಲ ಸುತ್ತುಗಳನ್ನು ತಿರುಗಿಸಿ. ಮರೆ ಓರೆ ಹಿಡಿದರೆ ಪೈಪು ಜಾರುತ್ತದೆ, ಪಾನಾ ಜಾರುವುದಿಲ್ಲ; ಇಷ್ಟೇ ಇದರ ಗುಟ್ಟು. ವಾಷರ್ ಇರುವ ಹೊಸ 14 ಎಂಎಂ ಪ್ಲಗ್ಗನ್ನು ಕೈಯಲ್ಲಿ ಕೂರುವವರೆಗೆ ತಿರುಗಿಸಿ, ಆಮೇಲೆ ಪಾನಾದಿಂದ ಅರ್ಧದಿಂದ ಮೂರನೇ ಎರಡರಷ್ಟು ಸುತ್ತು. ಟಾರ್ಕ್ ರೆಂಚ್ ಇದ್ದರೆ ಕೈಪಿಡಿಯ ಅಂಕಿ. ಇರಿಡಿಯಂ ಪ್ಲಗ್ಗಿನ ಸಣ್ಣ ತುದಿಯನ್ನು ಗೇಜಿನಿಂದ ಎಬ್ಬಬೇಡಿ, ಮುರಿಯುತ್ತದೆ. ಬೂಟಿನ ಒಳಬಾಯಿಗೆ ಚಿಟಿಕೆ ಡೈಎಲೆಕ್ಟ್ರಿಕ್ (ವಿದ್ಯುತ್ ಹರಿಯಗೊಡದ) ಗ್ರೀಸ್ ಹಚ್ಚಿ ಕಾಯಿಲ್ ಕೂರಿಸಿ.

ಇನ್ನೊಂದು ಸಣ್ಣ ವಸ್ತುವನ್ನು ನೋಡದೆ ಬಾನೆಟ್ ಮುಚ್ಚಬೇಡಿ: ಪಿಸಿವಿ ವಾಲ್ವ್. ಪಿಸ್ಟನ್ ಪಕ್ಕದಿಂದ ಕೆಳಗೆ ನುಸುಳುವ ಅನಿಲವನ್ನು ಎಂಜಿನ್ ಮತ್ತೆ ಒಳಗೆಳೆದು ಸುಡುವ ದಾರಿ ಅದು. ಮಸಿ ಕಟ್ಟಿ ಮುಚ್ಚಿಕೊಂಡರೆ ಒಳಗೆ ಒತ್ತಡ ಏರಿ, ಎಲ್ಲಿ ರಬ್ಬರ್ ಸೋತಿದೆಯೋ ಅಲ್ಲಿಂದ ಆಯಿಲ್ ತಳ್ಳುತ್ತದೆ. ಹೊಸ ಸೀಲ್ ಹಾಕಿದ ಆರೇ ತಿಂಗಳಿಗೆ ಮತ್ತೆ ಸೋರಿತು ಎನ್ನುವವರು ಮೊದಲು ಇದನ್ನು ನೋಡಬೇಕು. ಬಿಡಿಯಾಗಿ ತೆಗೆಯಬಹುದಾದ ವಾಲ್ವ್ ಆಗಿದ್ದರೆ ಕಿವಿಯ ಬಳಿ ಅಲ್ಲಾಡಿಸಿ, ಗಿಲಕಿಯಂತೆ ಸದ್ದಾಗಬೇಕು. ನನ್ನದು ಮೂಕವಾಗಿತ್ತು.

ಬ್ಯಾಟರಿ ಜೋಡಿಸಿ ಸ್ಟಾರ್ಟ್ ಮಾಡಿ. ಎಗ್ಸಾಸ್ಟ್ ಮೇಲೆ ಹಿಂದೆ ಬಿದ್ದ ಆಯಿಲ್ ಸುಟ್ಟು ಕೆಲವು ನಿಮಿಷ ತೆಳುವಾದ ಹೊಗೆ ಬರುತ್ತದೆ; ಅದು ಕಡಿಮೆಯಾಗುತ್ತಾ ಹೋಗಬೇಕು. ಹೆಚ್ಚಾದರೆ ಆರಿಸಿ, ಕವರಿನ ಅಂಚು ಹುಡುಕಿ. ಆಯಿಲ್ ಮಟ್ಟ ಕಡ್ಡಿಯಲ್ಲಿ ನೋಡಿ, ತುಂಬುವಾಗ ಆಲಿಕೆ ಬಳಸಿ. ತೆಗೆದ ಆಯಿಲನ್ನು ಚರಂಡಿಗೆ ಸುರಿಯದೆ ಡಬ್ಬಿಯಲ್ಲಿಟ್ಟು, ಹಳೆಯ ಆಯಿಲ್ ಕೊಳ್ಳುವವರಿಗೆ ಕೊಡಿ.

ನನ್ನ ಕಾರಿನ ಕವರನ್ನು ಆ ದಿನ ಒರೆಸಿ ಬಿಟ್ಟವನು ಹದಿನೈದು ದಿನ ಮುಟ್ಟಲಿಲ್ಲ. ಸಂಡೂರಿಗೆ ಎರಡು ಸಲ, ತೋರಣಗಲ್ಲಿಗೆ ನಾಲ್ಕು ಸಲ ಹೋಗಿ ಬಂದೆ. ಬಾನೆಟ್ ಎತ್ತಿದಾಗ ಮೂರನೆಯ ಕಾಯಿಲ್ ಬುಡದಲ್ಲೂ ಎಲ್ಲ ಕಡೆಯಂತೆ ಕೆಂಪು ಪುಡಿ ಕೂತಿತ್ತು. ಬಗ್ಗಿ ಊದಿದೆ, ಹಾರಿತು.